ಅಳತೆ ಮತ್ತು ಅನುಮಿತಿ: ನ್ಯಾನೋಕಣಗಳ ಶಕ್ತಿಪಟ್ಟಿ ಹಾಗೂ ಕನ್ನಡ ವಿಜ್ಞಾನಗದ್ಯದ ಒಂದು ಸಮಸ್ಯೆ

೧. ಪದದಾಚೆಗಿನ ಪ್ರಶ್ನೆ

ಕನ್ನಡದ ವಿಜ್ಞಾನ ಸಾಹಿತ್ಯವನ್ನು ಕುರಿತು ನಡೆದಿರುವ ಚರ್ಚೆಯು ಬಹುಮಟ್ಟಿಗೆ ಪಾರಿಭಾಷಿಕ ಪದಗಳ ಚರ್ಚೆಯಾಗಿಯೇ ಉಳಿದಿದೆ. ೧೯೧೮ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ ಅವರು ‘ವಿಜ್ಞಾನ’ ಮಾಸಪತ್ರಿಕೆಯನ್ನು ಆರಂಭಿಸಿದ ಕಾಲದಿಂದ ಇಂದಿನವರೆಗೂ ಈ ಚರ್ಚೆಯಲ್ಲಿ ಮೂರು ನಿಲುವುಗಳು ಮತ್ತೆ ಮತ್ತೆ ಎದುರಾಗುತ್ತವೆ. ಸಂಸ್ಕೃತದಿಂದ ಪದಗಳನ್ನು ಟಂಕಿಸಬೇಕೆಂಬುದು ಒಂದು. ಇಂಗ್ಲಿಷಿನ ಪದಗಳನ್ನೇ ಕನ್ನಡ ಲಿಪಿಯಲ್ಲಿ ಉಳಿಸಿಕೊಳ್ಳಬೇಕೆಂಬುದು ಇನ್ನೊಂದು. ಕನ್ನಡದ ಬೇರುಗಳಿಂದಲೇ ಹೊಸ ಪದಗಳನ್ನು ಕಟ್ಟಬೇಕೆಂಬುದು ಮತ್ತೊಂದು. ಈ ಮೂರೂ ಪರಸ್ಪರ ವಿರುದ್ಧವೆಂದು ತೋರಿದರೂ ಅವುಗಳ ಅಡಿಯಲ್ಲಿ ಒಂದೇ ನಂಬಿಕೆಯಿದೆ. ನಾಮಪದಕ್ಕೆ ತಕ್ಕ ಪರ್ಯಾಯ ದೊರೆತರೆ ವಿಜ್ಞಾನವು ಕನ್ನಡಕ್ಕೆ ಬಂದಂತೆಯೇ ಎಂಬುದು ಆ ನಂಬಿಕೆ.

ಪ್ರಸ್ತುತ ಬರಹವು ಈ ನಂಬಿಕೆಯನ್ನು ಪ್ರಶ್ನಿಸುತ್ತದೆ. ವಿಜ್ಞಾನದ ವಾಕ್ಯದಲ್ಲಿ ವಸ್ತುವನ್ನು ಹೆಸರಿಸುವುದು ನಾಮಪದವೇ ಹೌದು. ಆದರೆ ಆ ವಸ್ತುವನ್ನು ನಾವು ಹೇಗೆ ಬಲ್ಲೆವು, ಎಷ್ಟು ಬಲ್ಲೆವು ಎಂಬ ಹೊಣೆಯನ್ನು ಹೊರುವುದು ಕ್ರಿಯಾಪದ. ಕನ್ನಡದ ವಿಜ್ಞಾನಗದ್ಯದ ಕೊರತೆಯಿರುವುದು ಪದಕೋಶದಲ್ಲಿ ಅಲ್ಲ, ಕ್ರಿಯಾಪದಗಳ ಬಳಕೆಯಲ್ಲಿ ಎಂಬುದು ನನ್ನ ವಾದ. ಇದನ್ನು ಸಾಮಾನ್ಯ ಹೇಳಿಕೆಯಾಗಿ ಬಿಡದೆ ಒಂದು ನಿರ್ದಿಷ್ಟ ಕ್ಷೇತ್ರವನ್ನು ಹಿಡಿದು ಪರಿಶೀಲಿಸುವುದು ಉಚಿತ. ಅದಕ್ಕಾಗಿ ಅರೆವಾಹಕ ನ್ಯಾನೋಕಣಗಳ ಎಲೆಕ್ಟ್ರಾನಿಕ್ ಪಟ್ಟಿರಚನೆಯನ್ನು ಬೆಳಕಿನ ಮೂಲಕ ಅರಿಯುವ ಪ್ರಯೋಗಗಳನ್ನು ಇಲ್ಲಿ ಆರಿಸಿಕೊಂಡಿದೆ. ೨೦೨೩ರ ರಸಾಯನವಿಜ್ಞಾನದ ನೊಬೆಲ್ ಪ್ರಶಸ್ತಿಯು ‘ಕ್ವಾಂಟಮ್ ಚುಕ್ಕೆ’ಗಳೆಂಬ ಈ ಕಣಗಳ ಶೋಧ ಮತ್ತು ತಯಾರಿಕೆಗಾಗಿ ಮೌಂಗಿ ಬಾವೆಂಡಿ, ಲೂಯಿ ಬ್ರೂಸ್ ಮತ್ತು ಅಲೆಕ್ಸಿ ಎಕಿಮೊವ್ ಅವರಿಗೆ ಸಂದ ಮೇಲೆ ಈ ವಿಷಯ ಸಾಮಾನ್ಯ ಓದುಗರವರೆಗೂ ಬಂದಿದೆ.

ಚರ್ಚೆಯ ಅನುಕೂಲಕ್ಕಾಗಿ ಒಂದು ವಾಕ್ಯವನ್ನು ಕಟ್ಟಿಕೊಳ್ಳೋಣ: ‘ರೋಹಿತದರ್ಶನದ ನೆರವಿನಿಂದ ವಿಜ್ಞಾನಿಗಳು ನ್ಯಾನೋಕಣಗಳ ಪಟ್ಟಿರಚನೆಯನ್ನು ಅಳೆದರು.’ ಈ ವಾಕ್ಯದ ವ್ಯಾಕರಣದಲ್ಲಿ ದೋಷವಿಲ್ಲ. ಪಾರಿಭಾಷಿಕ ಪದಗಳೂ ಸರಿಯಾಗಿವೆ. ‘ರೋಹಿತ’ ಎಂಬ ಪದವಂತೂ ಪದ ಟಂಕಿಸಿದವರ ವಿವೇಕಕ್ಕೆ ಸಾಕ್ಷಿ. ಬಾಗಿರದೆ ನೇರವಾಗಿರುವ ಇಂದ್ರಧನುಸ್ಸಿಗೆ ಅಮರಕೋಶವು ಕೊಡುವ ಹೆಸರು ಅದು. ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ಸಾಲಾಗಿ ಹರಡುವ ಕ್ರಿಯೆಗೆ ಇದಕ್ಕಿಂತ ಒಪ್ಪುವ ಪದ ಸಿಗಲಾರದು. ಆದರೂ ಈ ವಾಕ್ಯ ಸರಿಯಲ್ಲ. ತಪ್ಪಿರುವುದು ‘ಅಳೆದರು’ ಎಂಬ ಕ್ರಿಯಾಪದದಲ್ಲಿ.

೨. ಪ್ರಯೋಗಾಲಯದಲ್ಲಿ ನಡೆಯುವುದೇನು?

ಅರೆವಾಹಕವೊಂದರ ದೊಡ್ಡ ಹರಳಿನಲ್ಲಿ ಎಲೆಕ್ಟ್ರಾನುಗಳು ತಮಗೆ ಬೇಕಾದ ಯಾವುದೇ ಶಕ್ತಿಯನ್ನು ಹೊಂದಿರಲಾರವು. ಅವುಗಳಿಗೆ ಅನುಮತವಾದ ಶಕ್ತಿಗಳು ಒತ್ತಾಗಿ ಸೇರಿ ಪಟ್ಟಿಗಳಾಗಿರುತ್ತವೆ. ಎಲೆಕ್ಟ್ರಾನುಗಳು ತುಂಬಿರುವ ಕೆಳಗಿನದು ವೇಲೆನ್ಸಿ ಪಟ್ಟಿ, ಬಹುತೇಕ ಬರಿದಾಗಿರುವ ಮೇಲಿನದು ವಾಹಕ ಪಟ್ಟಿ, ಇವೆರಡರ ನಡುವೆ ಎಲೆಕ್ಟ್ರಾನು ನಿಲ್ಲಲಾಗದ ಅಂತರ. ಈ ಅಂತರಕ್ಕಿಂತ ಕಡಿಮೆ ಶಕ್ತಿಯ ಬೆಳಕು ಹರಳಿನ ಮೂಲಕ ಹಾದುಹೋಗುತ್ತದೆ. ಹೆಚ್ಚು ಶಕ್ತಿಯ ಬೆಳಕನ್ನು ಹರಳು ಹೀರಿಕೊಳ್ಳುತ್ತದೆ. ಹೀರಿಕೊಂಡಾಗ ಎಲೆಕ್ಟ್ರಾನು ಮೇಲಿನ ಪಟ್ಟಿಗೆ ಏರುತ್ತದೆ, ಕೆಳಗೆ ಅದು ಬಿಟ್ಟುಹೋದ ಜಾಗವು ‘ರಂಧ್ರ’ವಾಗಿ ವರ್ತಿಸುತ್ತದೆ.

ಕ್ಯಾಡ್ಮಿಯಂ ಸೆಲೆನೈಡಿನ ದೊಡ್ಡ ಹರಳಿನಲ್ಲಿ ಈ ಅಂತರವು ಸಾಮಾನ್ಯ ಉಷ್ಣತೆಯಲ್ಲಿ ಸುಮಾರು ೧.೭೪ ಎಲೆಕ್ಟ್ರಾನ್ ವೋಲ್ಟ್. ಅಂದರೆ ಸುಮಾರು ೭೧೦ ನ್ಯಾನೋಮೀಟರ್ ತರಂಗಾಂತರದ ಕಡುಗೆಂಪು ಬೆಳಕಿನಿಂದ ಹೀರಿಕೆ ಆರಂಭವಾಗುತ್ತದೆ. ಅದೇ ವಸ್ತುವನ್ನು ಕೆಲವೇ ನ್ಯಾನೋಮೀಟರ್ ಗಾತ್ರದ ಕಣಗಳಾಗಿ ತಯಾರಿಸಿದರೆ ಹೀರಿಕೆಯ ಆರಂಭವು ಕಿತ್ತಳೆ, ಹಳದಿ, ಹಸಿರು ಬಣ್ಣಗಳತ್ತ ಸರಿಯುತ್ತದೆ. ವಸ್ತು ಬದಲಾಗಿಲ್ಲ, ಗಾತ್ರವಷ್ಟೇ ಬದಲಾಗಿದೆ. ಎಲೆಕ್ಟ್ರಾನು ಮತ್ತು ರಂಧ್ರ ಇವೆರಡನ್ನೂ ಇಕ್ಕಟ್ಟಾದ ಜಾಗದಲ್ಲಿ ಕೂಡಿಹಾಕಿದಷ್ಟೂ ಅವುಗಳ ಶಕ್ತಿ ಏರುವುದೇ ಇದಕ್ಕೆ ಕಾರಣ. ಗಾತ್ರ ಕಿರಿದಾದಾಗ ವಸ್ತುವಿನ ಗುಣ ಬದಲಾಗಬೇಕೆಂದು ಹರ್ಬರ್ಟ್ ಫ್ರೋಲಿಕ್ ೧೯೩೭ರಷ್ಟು ಹಿಂದೆಯೇ ಸೈದ್ಧಾಂತಿಕವಾಗಿ ಸೂಚಿಸಿದ್ದರು.

ಪ್ರಯೋಗದ ನೆಲೆಯಲ್ಲಿ ಇದನ್ನು ತೋರಿಸಿಕೊಟ್ಟದ್ದು ಎಕಿಮೊವ್ ಅವರ ಕೆಲಸ. ಸೋವಿಯತ್ ಒಕ್ಕೂಟದ ವಾವಿಲೊವ್ ದೃಗ್ವಿಜ್ಞಾನ ಸಂಸ್ಥೆಯಲ್ಲಿ ಅವರು ತಾಮ್ರದ ಕ್ಲೋರೈಡ್ ಬೆರೆಸಿದ ಗಾಜನ್ನು ೫೦೦ರಿಂದ ೭೦೦ ಡಿಗ್ರಿ ಸೆಲ್ಸಿಯಸ್‌ವರೆಗಿನ ಉಷ್ಣತೆಯಲ್ಲಿ, ೧ ಗಂಟೆಯಿಂದ ೯೬ ಗಂಟೆಗಳವರೆಗೆ ಕಾಯಿಸಿದರು. ಗಾಜಿನೊಳಗೆ ಮೂಡಿದ ಹರಳುಗಳ ಗಾತ್ರವನ್ನು ಎಕ್ಸ್-ಕಿರಣಗಳಿಂದ ನಿರ್ಧರಿಸಿದಾಗ ಅವು ಸುಮಾರು ೨ರಿಂದ ೩೦ ನ್ಯಾನೋಮೀಟರುಗಳಷ್ಟಿದ್ದವು. ಹರಳು ಕಿರಿದಾದಷ್ಟೂ ಅದು ಹೀರುವ ಬೆಳಕು ನೀಲಿಯತ್ತ ಸರಿದಿತ್ತು. ಈ ಫಲಿತಾಂಶ ೧೯೮೧ರಲ್ಲಿ ಪ್ರಕಟವಾಯಿತು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಬ್ರೂಸ್ ಅವರು ದ್ರವದಲ್ಲಿ ತೇಲುವ ಕ್ಯಾಡ್ಮಿಯಂ ಸಲ್ಫೈಡ್ ಕಣಗಳಲ್ಲಿ ಇದೇ ಬಗೆಯ ಪರಿಣಾಮವನ್ನು ಗುರುತಿಸಿ ೧೯೮೩ರಲ್ಲಿ ಪ್ರಕಟಿಸಿದರು. ಹೊಸದಾಗಿ ತಯಾರಿಸಿದ ಕಣಗಳು ಸುಮಾರು ೪.೫ ನ್ಯಾನೋಮೀಟರ್, ಹಾಗೆಯೇ ಬಿಟ್ಟು ಬೆಳೆದ ಕಣಗಳು ಸುಮಾರು ೧೨.೫ ನ್ಯಾನೋಮೀಟರ್, ಎರಡರ ರೋಹಿತಗಳೂ ಬೇರೆ ಬೇರೆಯಾಗಿದ್ದವು. ಮುಂದೆ ೧೯೯೩ರಲ್ಲಿ ಬಾವೆಂಡಿ ಮತ್ತು ಸಂಗಡಿಗರು ಬಿಸಿ ದ್ರಾವಕಕ್ಕೆ ರಾಸಾಯನಿಕಗಳನ್ನು ಒಮ್ಮೆಗೇ ಚುಚ್ಚುವ ವಿಧಾನದಿಂದ ಹೆಚ್ಚುಕಡಿಮೆ ಒಂದೇ ಗಾತ್ರದ ಕಣಗಳನ್ನು ಪಡೆದರು. ಅದರಿಂದಾಗಿ ರೋಹಿತಗಳನ್ನು ವಿವರವಾಗಿ ಓದುವುದು ಸಾಧ್ಯವಾಯಿತು.

ಈ ಎಲ್ಲ ಪ್ರಯೋಗಗಳಲ್ಲಿ ಉಪಕರಣವು ನಿಜಕ್ಕೂ ದಾಖಲಿಸುವುದು ಒಂದನ್ನೇ: ಯಾವ ತರಂಗಾಂತರದ ಬೆಳಕು ಎಷ್ಟು ಒಳಹೋಯಿತು, ಎಷ್ಟು ಹೊರಬಂತು. ಉಳಿದುದೆಲ್ಲ ಆ ದಾಖಲೆಯಿಂದ ಹೊರಟ ತರ್ಕ. ಅಂಗೈ ಹುಣ್ಣಿಗೆ ಕನ್ನಡಿ ಬೇಡ ಎನ್ನುತ್ತದೆ ಗಾದೆ. ಆದರೆ ಶಕ್ತಿಪಟ್ಟಿಯು ಅಂಗೈ ಹುಣ್ಣಲ್ಲ. ಅಲ್ಲಿ ಕನ್ನಡಿಯಿಲ್ಲದೆ ಏನೂ ಕಾಣದು. ಕನ್ನಡಿಯಲ್ಲಿ ಕಂಡದ್ದನ್ನು ಹೇಳುವಾಗ ಕನ್ನಡಿಯಿದೆ ಎಂಬುದನ್ನೂ ಹೇಳಬೇಕಾಗುತ್ತದೆ.

೩. ದಾಖಲೆಯಿಂದ ರಚನೆಯವರೆಗೆ

ಈಗ ಈ ತರ್ಕದ ಮೆಟ್ಟಿಲುಗಳನ್ನು ಗಮನಿಸಬೇಕು. ಒಂದು ಮಾದರಿಯ ಹೀರಿಕೆ ರೋಹಿತದಲ್ಲಿ ಮೊದಲ ಶಿಖರವು ೫೫೦ ನ್ಯಾನೋಮೀಟರಿನಲ್ಲಿದೆ ಎಂದುಕೊಳ್ಳೋಣ. ೧೨೪೦ ಎಂಬ ಸಂಖ್ಯೆಯನ್ನು ನ್ಯಾನೋಮೀಟರಿನಲ್ಲಿರುವ ತರಂಗಾಂತರದಿಂದ ಭಾಗಿಸಿದರೆ ಶಕ್ತಿಯು ಎಲೆಕ್ಟ್ರಾನ್ ವೋಲ್ಟಿನಲ್ಲಿ ದೊರೆಯುತ್ತದೆ. ಇಲ್ಲಿ ಅದು ಸುಮಾರು ೨.೨೫. ಇಲ್ಲಿಯವರೆಗೆ ವಿವಾದವಿಲ್ಲ. ಈ ಸಂಖ್ಯೆಯನ್ನು ‘ಪಟ್ಟಿಗಳ ಅಂತರ’ ಎಂದು ಕರೆದೊಡನೆ ತರ್ಕ ಆರಂಭವಾಗುತ್ತದೆ.

ಮೊದಲನೆಯದಾಗಿ, ಬೆಳಕು ಎಬ್ಬಿಸಿದ ಎಲೆಕ್ಟ್ರಾನು ಮತ್ತು ರಂಧ್ರ ಪರಸ್ಪರ ಆಕರ್ಷಿಸುತ್ತವೆ. ಆದ್ದರಿಂದ ಬೆಳಕು ತಿಳಿಸುವ ಅಂತರವು, ಎಲೆಕ್ಟ್ರಾನನ್ನೂ ರಂಧ್ರವನ್ನೂ ಬೇರೆ ಬೇರೆಯಾಗಿ ಸೃಷ್ಟಿಸಲು ಬೇಕಾಗುವ ಶಕ್ತಿಗಿಂತ ಆ ಆಕರ್ಷಣೆಯಷ್ಟು ಕಡಿಮೆಯಿರುತ್ತದೆ. ನ್ಯಾನೋಕಣಗಳಲ್ಲಿ ಈ ವ್ಯತ್ಯಾಸ ಉಪೇಕ್ಷಿಸುವಷ್ಟು ಸಣ್ಣದಲ್ಲ. ಎರಡನೆಯದಾಗಿ, ಬೆಳಕು ಹೇಳುವುದು ಎರಡು ಸ್ಥಿತಿಗಳ ನಡುವಿನ ವ್ಯತ್ಯಾಸವನ್ನು ಮಾತ್ರ. ಕೆಳಗಿನ ಮೆಟ್ಟಿಲು ಎಷ್ಟು ಎತ್ತರದಲ್ಲಿದೆ, ಮೇಲಿನದು ಎಷ್ಟು ಎತ್ತರದಲ್ಲಿದೆ ಎಂಬುದನ್ನು ಅದು ಹೇಳದು. ಅದಕ್ಕೆ ಎಲೆಕ್ಟ್ರಾನುಗಳನ್ನೇ ಹೊರಗೆಳೆದು ಅವುಗಳ ಶಕ್ತಿಯನ್ನು ನೋಡುವಂತಹ ಬೇರೆ ವಿಧಾನಗಳು ಬೇಕು.

ಮೂರನೆಯದಾಗಿ, ಎಲ್ಲ ಜಿಗಿತಗಳೂ ಬೆಳಕಿಗೆ ಕಾಣಿಸಿಕೊಳ್ಳುವುದಿಲ್ಲ. ಕೆಲವು ಜಿಗಿತಗಳು ಅನುಮತ, ಕೆಲವು ನಿಷಿದ್ಧ. ಕ್ಯಾಡ್ಮಿಯಂ ಸೆಲೆನೈಡ್ ಕಣಗಳಲ್ಲಿ ಅತ್ಯಂತ ಕೆಳಗಿನ ಉದ್ರಿಕ್ತ ಸ್ಥಿತಿಯೇ ‘ಕತ್ತಲ ಸ್ಥಿತಿ’, ಅಂದರೆ ಬೆಳಕನ್ನು ಸುಲಭವಾಗಿ ಹೀರದ, ನಿಧಾನವಾಗಿ ಮಾತ್ರ ಸೂಸುವ ಸ್ಥಿತಿ ಎಂಬುದು ೧೯೯೫-೯೬ರ ಸಂಶೋಧನೆಗಳಿಂದ ಖಚಿತವಾಯಿತು. ರೋಹಿತದಲ್ಲಿ ಕಾಣದ್ದು ಕಣದಲ್ಲಿ ಇಲ್ಲವೆಂದು ಅರ್ಥವಲ್ಲ.

ನಾಲ್ಕನೆಯದಾಗಿ, ಸಾಮಾನ್ಯ ರೋಹಿತವು ಒಂದು ಕಣದ ಮಾತಲ್ಲ, ಒಂದು ಸಮುದಾಯದ ಮಾತು. ದ್ರಾವಣದ ಪ್ರತಿ ಹನಿಯಲ್ಲೂ ಅಸಂಖ್ಯ ಕಣಗಳಿದ್ದು ಅವುಗಳ ಗಾತ್ರ ಸ್ವಲ್ಪ ಸ್ವಲ್ಪ ಬೇರೆ. ಹೀಗಾಗಿ ಶಿಖರಗಳು ಅಗಲವಾಗಿ ಒಂದರೊಳಗೊಂದು ಬೆರೆತುಹೋಗುತ್ತವೆ. ಡೇವಿಡ್ ನಾರಿಸ್ ಮತ್ತು ಬಾವೆಂಡಿ ೧೯೯೬ರಲ್ಲಿ ಈ ತೊಡಕನ್ನು ದಾಟಲು ಕಣಗಳು ಹೊಮ್ಮಿಸುವ ಬೆಳಕಿನ ಒಂದು ಕಿರಿದಾದ ಭಾಗವನ್ನಷ್ಟೇ ಆಯ್ದುಕೊಂಡು, ಅದನ್ನು ಹೊಮ್ಮಿಸಬಲ್ಲ ಗಾತ್ರದ ಕಣಗಳ ರೋಹಿತವನ್ನು ಬೇರ್ಪಡಿಸಿದರು. ಹಾಗೆ ದೊರೆತ ಶಿಖರಗಳು ಗಾತ್ರದೊಂದಿಗೆ ಹೇಗೆ ಸರಿಯುತ್ತವೆಂಬುದನ್ನು ಸಿದ್ಧಾಂತದ ಲೆಕ್ಕಾಚಾರದೊಂದಿಗೆ ಹೋಲಿಸಿ, ಯಾವ ಶಿಖರ ಯಾವ ಸ್ಥಿತಿಗಳ ನಡುವಿನ ಜಿಗಿತಕ್ಕೆ ಸೇರಿದ್ದೆಂದು ಗುರುತುಹಚ್ಚಿದರು. ಆ ಲೇಖನದ ಶೀರ್ಷಿಕೆಯಲ್ಲಿಯೇ ‘ಅಳೆಯುವುದು’ ಮತ್ತು ‘ಗುರುತುಹಚ್ಚುವುದು’ ಎಂಬ ಎರಡು ಕೆಲಸಗಳನ್ನು ಬೇರೆ ಬೇರೆಯಾಗಿ ಹೆಸರಿಸಲಾಗಿದೆ ಎಂಬುದು ಗಮನಾರ್ಹ. ನಮ್ಮ ಕನ್ನಡ ವಾಕ್ಯವು ಒಂದಾಗಿಸಿದ್ದು ಇವೆರಡನ್ನೇ.

ಐದನೆಯದು ನಮ್ಮ ದೃಷ್ಟಿಯಿಂದ ಹೆಚ್ಚು ಕುತೂಹಲಕರ. ಶಿಖರದ ಸ್ಥಾನದಿಂದ ಕಣದ ಗಾತ್ರವನ್ನು ತಿಳಿಯಲು ಸೂತ್ರಗಳಿವೆ. ೨೦೦೩ರಲ್ಲಿ ಪ್ರಕಟವಾಗಿ ವ್ಯಾಪಕವಾಗಿ ಬಳಕೆಗೆ ಬಂದ ಒಂದು ಸೂತ್ರದ ಪ್ರಕಾರ ೫೫೦ ನ್ಯಾನೋಮೀಟರಿನ ಶಿಖರವಿರುವ ಕ್ಯಾಡ್ಮಿಯಂ ಸೆಲೆನೈಡ್ ಕಣದ ವ್ಯಾಸ ಸುಮಾರು ೩ ನ್ಯಾನೋಮೀಟರ್. ಆದರೆ ಆ ಸೂತ್ರವು ಹುಟ್ಟಿದ್ದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಗಾತ್ರಗಳನ್ನು ನಿರ್ಧರಿಸಿ, ರೋಹಿತದ ಶಿಖರಗಳೊಡನೆ ಅವನ್ನು ಹೊಂದಿಸಿ ಎಳೆದ ರೇಖೆಯಿಂದ. ಸೂಕ್ಷ್ಮದರ್ಶಕವನ್ನು ಬಳಸದೆ ಸೂತ್ರದಿಂದಲೇ ಗಾತ್ರವನ್ನು ಪಡೆದು, ‘ಗಾತ್ರ ಕಿರಿದಾದಂತೆ ಅಂತರ ಹೆಚ್ಚುವುದು ಸಾಬೀತಾಯಿತು’ ಎಂದು ಬರೆದರೆ ಅದು ತರ್ಕಶಾಸ್ತ್ರದಲ್ಲಿ ಹೇಳುವ ಅನ್ಯೋನ್ಯಾಶ್ರಯ ದೋಷ. ಅಂತರದಿಂದ ಗಾತ್ರ, ಗಾತ್ರದಿಂದ ಅಂತರ!

ಇದರ ಜೊತೆಗೆ ಟಾಕ್ ರೇಖೆಯ ಉದಾಹರಣೆಯನ್ನೂ ನೋಡಬಹುದು. ಯಾನ್ ಟಾಕ್ ಮತ್ತು ಸಂಗಡಿಗರು ೧೯೬೬ರಲ್ಲಿ ಸ್ಫಟಿಕರೂಪವಿಲ್ಲದ ಜರ್ಮೇನಿಯಂ ಅನ್ನು ಕುರಿತು ರೂಪಿಸಿದ ಈ ವಿಧಾನದಲ್ಲಿ ಹೀರಿಕೆಯ ದತ್ತಾಂಶವನ್ನು ಒಂದು ಘಾತಕ್ಕೆ ಏರಿಸಿ, ಅದರ ಸರಳ ಭಾಗವನ್ನು ಅಕ್ಷದವರೆಗೆ ಎಳೆದು ಅಂತರವನ್ನು ಪಡೆಯಲಾಗುತ್ತದೆ. ಯಾವ ಘಾತವೆಂಬುದನ್ನು ಉಪಕರಣ ಹೇಳದು; ವಸ್ತುವಿನಲ್ಲಿ ಜಿಗಿತವು ನೇರವೋ ಪರೋಕ್ಷವೋ ಎಂಬ ಪೂರ್ವಗ್ರಹಿಕೆಯಿಂದ ಸಂಶೋಧಕರೇ ಅದನ್ನು ಆರಿಸುತ್ತಾರೆ. ಒಂದೇ ದತ್ತಾಂಶವು ಎರಡು ಘಾತಗಳಿಗೆ ಎರಡು ಉತ್ತರಗಳನ್ನು ಕೊಡುತ್ತದೆ. ಅಷ್ಟೇ ಅಲ್ಲದೆ, ಈ ವಿಧಾನದ ಹಿಂದಿರುವುದು ಪಟ್ಟಿಗಳು ಅವಿಚ್ಛಿನ್ನವಾಗಿವೆ ಎಂಬ ಗ್ರಹಿಕೆ. ಬಹಳ ಸಣ್ಣ ಕಣಗಳಲ್ಲಿ ಆ ಗ್ರಹಿಕೆಯೇ ನಿಲ್ಲುವುದಿಲ್ಲ.

೪. ‘ಪಟ್ಟಿ’ ಎಂಬ ರೂಪಕ

ಇಲ್ಲಿ ಸಾಹಿತ್ಯದ ಅಧ್ಯಯನಕಾರರು ವಿಶೇಷವಾಗಿ ಗಮನಿಸಬೇಕಾದ ಒಂದು ಸಂಗತಿಯಿದೆ. ‘ಪಟ್ಟಿರಚನೆ’ ಎಂಬುದು ಮೂಲತಃ ಕೊನೆಯಿಲ್ಲದೆ ಮರುಕಳಿಸುವ ಹರಳಿಗಾಗಿ ರೂಪುಗೊಂಡ ಪರಿಕಲ್ಪನೆ. ಅಣುಗಳ ಒಂದೇ ವಿನ್ಯಾಸವು ಎಲ್ಲ ದಿಕ್ಕುಗಳಲ್ಲೂ ಮತ್ತೆ ಮತ್ತೆ ಬರುತ್ತಿದ್ದಾಗ ಮಾತ್ರ ಶಕ್ತಿಗಳು ಒತ್ತಾಗಿ ಸೇರಿ ಪಟ್ಟಿಗಳಾಗುತ್ತವೆ. ಮೂರು ನ್ಯಾನೋಮೀಟರಿನ ಕಣದಲ್ಲಿ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಅಂತಹ ಮರುಕಳಿಕೆಗಳು ಬೆರಳೆಣಿಕೆಯಷ್ಟು ಮಾತ್ರ. ಅಲ್ಲಿ, ವಿಶೇಷವಾಗಿ ಅಂತರದ ಅಂಚುಗಳಲ್ಲಿ, ಪಟ್ಟಿಯು ಒಡೆದು ಬಿಡಿಬಿಡಿ ಮೆಟ್ಟಿಲುಗಳಾಗಿರುತ್ತದೆ. ಹಾಗಿದ್ದರೂ ವಿಜ್ಞಾನಿಗಳು ನ್ಯಾನೋಕಣದ ‘ಪಟ್ಟಿರಚನೆ’ ಎನ್ನುತ್ತಾರೆ. ಬ್ರೂಸ್ ೧೯೮೪ರಲ್ಲಿ ಕೊಟ್ಟ ಸಮೀಕರಣವೂ ದೊಡ್ಡ ಹರಳಿನ ಅಂತರದಿಂದಲೇ ಹೊರಡುತ್ತದೆ. ಅದಕ್ಕೆ ಇಕ್ಕಟ್ಟಿನಿಂದಾಗುವ ಏರಿಕೆಯನ್ನು ಕೂಡಿಸಿ, ಎಲೆಕ್ಟ್ರಾನು-ರಂಧ್ರಗಳ ಆಕರ್ಷಣೆಯನ್ನು ಕಳೆಯುತ್ತದೆ. ಎಲೆಕ್ಟ್ರಾನು ಮತ್ತು ರಂಧ್ರಗಳ ಪರಿಣಾಮಕ ದ್ರವ್ಯರಾಶಿಗಳನ್ನೂ ದೊಡ್ಡ ಹರಳಿನಿಂದಲೇ ಎರವಲು ಪಡೆಯುತ್ತದೆ. ಕಣಗಳು ತೀರಾ ಸಣ್ಣದಾದಾಗ ಈ ಸರಳ ಸಮೀಕರಣವು ನಿಜಕ್ಕಿಂತ ಹೆಚ್ಚಿನ ಶಕ್ತಿಯನ್ನು ಸೂಚಿಸುವುದಕ್ಕೆ ಇಂತಹ ಎರವಲುಗಳೂ ಒಂದು ಕಾರಣ.

ಅಂದರೆ ‘ಪಟ್ಟಿ’ ಎಂಬುದು ಇಲ್ಲಿ ದೊಡ್ಡದರಿಂದ ಸಣ್ಣದಕ್ಕೆ ಒಯ್ದ ರೂಪಕವಾಗಿದೆ. ಅದು ಉಪಯುಕ್ತ ರೂಪಕ, ತಪ್ಪಲ್ಲ. ಆದರೆ ಅದರ ವ್ಯಾಪ್ತಿಗೆ ಮಿತಿಯಿದೆ. ‘ಬ್ಯಾಂಡ್’ ಎಂದು ಉಳಿಸಿಕೊಂಡರೂ, ‘ಪಟ್ಟಿ’ ಎಂದು ಅನುವಾದಿಸಿದರೂ, ಬೇರೊಂದು ಅಚ್ಚಗನ್ನಡ ಪದವನ್ನು ಕಟ್ಟಿದರೂ ಈ ಮಿತಿಯನ್ನು ಪದವು ತಾನಾಗಿ ಹೇಳುವುದಿಲ್ಲ. ಅದನ್ನು ಹೇಳಬೇಕಾದದ್ದು ವಾಕ್ಯ. ಪಾರಿಭಾಷಿಕ ಪದಗಳ ಮೂರು ನಿಲುವುಗಳೂ ಒಟ್ಟಾಗಿ ಸೋಲುವುದು ಇದೇ ಬಿಂದುವಿನಲ್ಲಿ.

೫. ಕನ್ನಡ ವಾಕ್ಯದ ಸಾಮರ್ಥ್ಯ

ಅಳತೆಯನ್ನೂ ತರ್ಕವನ್ನೂ ಬೇರ್ಪಡಿಸಿ ಹೇಳುವ ಶಕ್ತಿ ಕನ್ನಡಕ್ಕಿದೆಯೇ? ನಾಮಪದದ ಮಟ್ಟದಲ್ಲಿ ಒಂದು ತೊಡಕಿರುವುದು ನಿಜ. ಹೇತುವಿನಿಂದ ಸಾಧ್ಯವನ್ನು ತಿಳಿಯುವುದಕ್ಕೆ ಶಾಸ್ತ್ರಗಳಲ್ಲಿ ‘ಅನುಮಾನ’ ಎಂಬ ಖಚಿತ ಪದವಿದೆ. ಬೆಟ್ಟದ ಮೇಲೆ ಹೊಗೆಯನ್ನು ಕಂಡು ಬೆಂಕಿಯನ್ನು ತಿಳಿಯುವುದು ಅನುಮಾನ. ಆದರೆ ಇಂದಿನ ಕನ್ನಡದಲ್ಲಿ ಆ ಪದ ಸಂದೇಹ ಎಂಬ ಅರ್ಥಕ್ಕೆ ಜಾರಿದೆ. ‘ವಿಜ್ಞಾನಿಗಳು ಅನುಮಾನಿಸಿದರು’ ಎಂದರೆ ಅವರು ನಂಬಲಿಲ್ಲ ಎಂದೇ ಅರ್ಥವಾಗುತ್ತದೆ. ‘ಊಹಿಸಿದರು’ ಎಂದರೆ ಆಧಾರ ಕಡಿಮೆಯೆಂಬ ಧ್ವನಿ ಬರುತ್ತದೆ. ‘ತೀರ್ಮಾನಿಸಿದರು’ ಎಂಬುದರಲ್ಲಿ ಅಧಿಕಾರದ ಛಾಯೆಯಿದೆ. ಅನುಮಾನದಿಂದ ಹುಟ್ಟುವ ಜ್ಞಾನಕ್ಕೆ ಶಾಸ್ತ್ರಕಾರರು ಬಳಸಿದ ‘ಅನುಮಿತಿ’ ಎಂಬ ಪದ ಮಾತ್ರ ಈ ಜಾರುವಿಕೆಗೆ ಒಳಗಾಗದೆ ಉಳಿದಿದೆ. ಅದನ್ನು ಮತ್ತೆ ಚಲಾವಣೆಗೆ ತರಬಹುದೆಂಬುದು ನನ್ನ ಸಲಹೆ.

ಆದರೆ ನಿಜವಾದ ಸಂಪತ್ತಿರುವುದು ಕ್ರಿಯಾಪದಗಳಲ್ಲಿ. ‘ಕಂಡಿತು’, ‘ಕಂಡುಬಂತು’, ‘ತೋರುತ್ತದೆ’, ‘ತಿಳಿದುಬರುತ್ತದೆ’, ‘ಎನಿಸುತ್ತದೆ’, ‘ಇರಬಹುದು’, ‘ಇರಬೇಕು’ ಇವು ಸಮಾನಾರ್ಥಕಗಳಲ್ಲ. ‘ಬೆಂಕಿಯಿದೆ’ ಎಂಬುದು ಕಂಡವರ ಮಾತು. ‘ಬೆಂಕಿಯಿರಬೇಕು’ ಎಂಬುದು ಹೊಗೆಯನ್ನು ಕಂಡವರ ಮಾತು. ‘ಬೆಂಕಿಯಿರಬಹುದು’ ಎಂಬುದು ಹೊಗೆಯೋ ಮಂಜೋ ಎಂದು ಇನ್ನೂ ಖಚಿತವಾಗದವರ ಮಾತು. ಈ ವ್ಯತ್ಯಾಸವನ್ನು ಯಾವ ಪಠ್ಯಪುಸ್ತಕವನ್ನೂ ಓದದ ಕನ್ನಡಿಗರೂ ದಿನನಿತ್ಯ ಪಾಲಿಸುತ್ತಾರೆ. ‘ಬೇಕು’ ಎಂಬುದು ವಿಧಿಯನ್ನೂ ಸೂಚಿಸುತ್ತದೆಯಲ್ಲ ಎಂಬ ಆಕ್ಷೇಪ ಬರಬಹುದು. ಸಂದರ್ಭವು ಅದನ್ನು ಬಿಡಿಸುತ್ತದೆ. ‘ಬಾಗಿಲು ತೆರೆದಿದೆ, ಮನೆಯಲ್ಲಿ ಯಾರೋ ಇರಬೇಕು’ ಎಂದಾಗ ಯಾರೂ ಅದನ್ನು ಆಜ್ಞೆಯೆಂದು ತಿಳಿಯುವುದಿಲ್ಲ.

ಈಗ ಮೊದಲ ವಾಕ್ಯವನ್ನು ಹೀಗೆ ತಿದ್ದಿ ಬರೆಯಬಹುದು: ‘ಮಾದರಿಯ ಹೀರಿಕೆ ರೋಹಿತದಲ್ಲಿ ಮೊದಲ ಶಿಖರವು ೫೫೦ ನ್ಯಾನೋಮೀಟರಿನಲ್ಲಿ ದಾಖಲಾಯಿತು. ಎಲೆಕ್ಟ್ರಾನು-ರಂಧ್ರ ಜೋಡಿಯ ಮೊದಲ ಅನುಮತ ಸ್ಥಿತಿಯೇ ಇದೆಂದು ಇಟ್ಟುಕೊಂಡರೆ, ಕಣಗಳ ದೃಗ್ಗೋಚರ ಅಂತರವು ೨.೨೫ ಎಲೆಕ್ಟ್ರಾನ್ ವೋಲ್ಟ್ ಎಂದು ತಿಳಿದುಬರುತ್ತದೆ. ಸೂಕ್ಷ್ಮದರ್ಶಕದ ಆಧಾರದಿಂದ ಮೊದಲೇ ಸಿದ್ಧವಾಗಿರುವ ಸೂತ್ರದ ಪ್ರಕಾರ ಅವುಗಳ ಸರಾಸರಿ ವ್ಯಾಸ ೩ ನ್ಯಾನೋಮೀಟರಿನಷ್ಟು ಇರಬೇಕು.’ ಇಲ್ಲಿ ಕಠಿಣವಾದ ಪದಗಳೇನೂ ಹೆಚ್ಚಾಗಿಲ್ಲ. ‘ದಾಖಲಾಯಿತು’, ‘ಇಟ್ಟುಕೊಂಡರೆ’, ‘ತಿಳಿದುಬರುತ್ತದೆ’, ‘ಇರಬೇಕು’ ಎಂಬ ನಾಲ್ಕು ಕ್ರಿಯಾರೂಪಗಳು ಅಳತೆ, ಗ್ರಹಿಕೆ, ಅನುಮಿತಿ, ಅಂದಾಜು ಎಂಬ ನಾಲ್ಕು ಹಂತಗಳನ್ನು ಬೇರ್ಪಡಿಸಿವೆ. ಓದುವ ವಿದ್ಯಾರ್ಥಿಗೆ ಎಲ್ಲಿ ಪ್ರಶ್ನೆ ಕೇಳಬಹುದೆಂಬುದು ತಿಳಿಯುತ್ತದೆ. ‘ಅಳೆದರು’ ಎಂಬ ವಾಕ್ಯದಲ್ಲಿ ಪ್ರಶ್ನೆಗೆ ಜಾಗವೇ ಇರಲಿಲ್ಲ.

ಕನ್ನಡ ವಿದ್ವತ್ತಿಗೆ ಈ ಶಿಸ್ತು ಹೊಸದಲ್ಲ. ಪಂಪನ ಸ್ವಹಸ್ತದ ಓಲೆ ನಮಗೆ ದೊರೆತಿಲ್ಲ. ದೊರೆತಿರುವುದು ಪ್ರತಿಗಳು, ಅವುಗಳ ಪಾಠಾಂತರಗಳನ್ನು ತೂಗಿ ಮೂಲಪಾಠ ಹೀಗಿದ್ದಿರಬೇಕೆಂದು ಸಂಪಾದಕರು ನಿರ್ಣಯಿಸುತ್ತಾರೆ, ಕೈಬಿಟ್ಟ ಪಾಠಗಳನ್ನು ಅಡಿಯಲ್ಲಿ ಕೊಡುತ್ತಾರೆ. ಹಲ್ಮಿಡಿ ಶಾಸನದಲ್ಲಿ ಕಾಲದ ಉಲ್ಲೇಖವಿಲ್ಲ. ಲಿಪಿ, ಭಾಷೆ ಮತ್ತು ಒಳಗಿನ ಸಂಗತಿಗಳ ಆಧಾರದಿಂದ ‘ಸು. ೪೫೦’ ಎನ್ನುತ್ತೇವೆ. ಆ ‘ಸು.’ ಎಂಬ ಒಂದಕ್ಷರದಲ್ಲಿ ಇಡೀ ಅನುಮಿತಿಯ ಸರಪಣಿ ಅಡಗಿದೆ. ಕವಿರಾಜಮಾರ್ಗದ ಕರ್ತೃ ಯಾರೆಂಬ ಚರ್ಚೆಯಲ್ಲಿ ಯಾವುದು ಪಠ್ಯದ ಸಾಕ್ಷ್ಯ, ಯಾವುದು ಅದರಿಂದ ಹೊರಟ ತರ್ಕ ಎಂಬುದನ್ನು ಬೇರ್ಪಡಿಸಿ ನೋಡಲು ನಾವು ಕಲಿತಿದ್ದೇವೆ. ಓಲೆಗರಿಯೂ ರೋಹಿತವೂ ಒಂದೇ ಎಂದು ಇದರ ಅರ್ಥವಲ್ಲ. ಪ್ರಯೋಗವನ್ನು ಮತ್ತೆ ಮಾಡಿ ನೋಡಬಹುದು, ಕಳೆದುಹೋದ ಓಲೆಯನ್ನು ಮತ್ತೆ ಬರೆಸಲಾಗದು. ಆದರೆ ಎರಡೂ ಕಡೆ ಕೇಳಬೇಕಾದ ಪ್ರಶ್ನೆ ಒಂದೇ: ಇದು ಸಾಕ್ಷ್ಯವೋ, ಸಾಕ್ಷ್ಯದ ಓದೋ?

೬. ಆಕ್ಷೇಪಗಳು ಮತ್ತು ಮುಂದಿನ ಕೆಲಸ

ಈ ವಾದಕ್ಕೆ ಎರಡು ಆಕ್ಷೇಪಗಳು ಸಹಜ. ಜನಪ್ರಿಯ ಬರವಣಿಗೆಯಲ್ಲಿ ಇಷ್ಟೆಲ್ಲ ಎಚ್ಚರ ಓದುಗರನ್ನು ದಣಿಸುತ್ತದೆ ಎಂಬುದು ಮೊದಲನೆಯದು. ಇದರಲ್ಲಿ ಸತ್ಯಾಂಶವಿದೆ. ಪ್ರತಿ ವಾಕ್ಯಕ್ಕೂ ಷರತ್ತುಗಳನ್ನು ಜೋಡಿಸಿದರೆ ಗದ್ಯ ನಡೆಯಲಾರದು. ಆದರೆ ಇಲ್ಲಿ ಕೋರುತ್ತಿರುವುದು ಷರತ್ತುಗಳ ಹೊರೆಯನ್ನಲ್ಲ, ಕ್ರಿಯಾಪದದ ಆಯ್ಕೆಯನ್ನು. ‘ಅಳೆದರು’ ಎಂಬಲ್ಲಿ ‘ಬೆಳಕಿನ ಹೀರಿಕೆಯಿಂದ ತಿಳಿದರು’ ಎಂದು ಬರೆದರೆ ಎರಡು ಪದಗಳಷ್ಟೇ ಹೆಚ್ಚುತ್ತವೆ. ಅಲ್ಲದೆ ವಿಜ್ಞಾನದ ಕುತೂಹಲವಿರುವುದು ಫಲಿತಾಂಶದಲ್ಲಿ ಮಾತ್ರವಲ್ಲ, ಕಾಣದ್ದನ್ನು ಕಂಡದ್ದರಿಂದ ತಿಳಿದ ಬಗೆಯಲ್ಲಿ. ಆ ಬಗೆಯನ್ನು ಮರೆಮಾಡಿದ ಬರಹವು ಓದುಗರ ದಣಿವನ್ನು ತಪ್ಪಿಸಬಹುದು, ಆನಂದವನ್ನೂ ತಪ್ಪಿಸುತ್ತದೆ.

ಭೌತವಿಜ್ಞಾನವನ್ನು ಓದದ ಕನ್ನಡ ಅಧ್ಯಾಪಕರು ಇಂತಹ ಬರಹಗಳನ್ನು ಹೇಗೆ ಪರಿಶೀಲಿಸಿಯಾರು ಎಂಬುದು ಎರಡನೆಯ ಆಕ್ಷೇಪ. ಲೆಕ್ಕಾಚಾರ ಸರಿಯೇ ಎಂಬುದನ್ನು ಹೇಳಬೇಕಾದವರು ಭೌತವಿಜ್ಞಾನಿಗಳೇ ಹೌದು. ಆದರೆ ಉಪಕರಣ ದಾಖಲಿಸಿದ್ದೇನು, ಲೆಕ್ಕದಿಂದ ಬಂದದ್ದೇನು, ಯಾವ ಗ್ರಹಿಕೆಯ ಮೇಲೆ ಬಂತು ಎಂಬ ಮೂರು ಪ್ರಶ್ನೆಗಳನ್ನು ಕೇಳಲು, ಉತ್ತರ ದೊರೆತ ಮೇಲೆ ವಾಕ್ಯವನ್ನು ತಿದ್ದಲು ಬೇಕಾದದ್ದು ಭಾಷೆಯ ಸೂಕ್ಷ್ಮಜ್ಞಾನ. ಅದು ನಮ್ಮ ಕೆಲಸ. ವಿಜ್ಞಾನ ಸಾಹಿತ್ಯವನ್ನು ಕುರಿತ ನಮ್ಮ ಸಂಶೋಧನೆಗಳು ಲೇಖಕರ ಪಟ್ಟಿ, ಕೃತಿಗಳ ವಿಂಗಡಣೆ, ‘ಶೈಲಿ ಸರಳವಾಗಿದೆ’ ಎಂಬ ಪ್ರಶಂಸೆ ಇವುಗಳಲ್ಲಿ ತೃಪ್ತಿ ಪಡುವವರೆಗೆ ಈ ಕೆಲಸ ಆರಂಭವಾಗದು. ಶಿವರಾಮ ಕಾರಂತರ ‘ವಿಜ್ಞಾನ ಪ್ರಪಂ���’ವನ್ನೋ ಬಿ.ಜಿ.ಎಲ್. ಸ್ವಾಮಿಯವರ ಬರಹಗಳನ್ನೋ ಅವುಗಳ ಕ್ರಿಯಾಪದಗಳ ದೃಷ್ಟಿಯಿಂದ ಓದಿದರೆ, ಕನ್ನಡ ಗದ್ಯವು ಜ್ಞಾನದ ಖಚಿತತೆಯನ್ನು ಯಾವ ಯಾವ ಹಂತಗಳಲ್ಲಿ ಹೇಳಬಲ್ಲದು ಎಂಬುದರ ನಕ್ಷೆಯೊಂದು ದೊರೆಯಬಹುದು. ಇದು ಎಂ.ಫಿಲ್. ಮಟ್ಟದ ಅಭ್ಯಾಸವಲ್ಲ, ಒಂದು ಪೂರ್ಣ ಪ್ರಮಾಣದ ಸಂಶೋಧನೆಗೆ ತಕ್ಕ ವಿಷಯ.

ಈ ಕೆಲಸಕ್ಕೆ ಈಗ ತುರ್ತೂ ಒದಗಿದೆ. ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯ ತರುವಾಯ ತಾಂತ್ರಿಕ ಪಠ್ಯಗಳನ್ನು ಕನ್ನಡವೂ ಸೇರಿದಂತೆ ಹಲವು ಭಾರತೀಯ ಭಾಷೆಗಳಿಗೆ ತರುವ ಕಾರ್ಯ ನಡೆದಿದೆ. ಅದರಲ್ಲಿ ಯಂತ್ರಾನುವಾದವೂ ಬಳಕೆಯಲ್ಲಿದೆ. ಯಂತ್ರಕ್ಕೆ ಪದಕೋಶವನ್ನು ಕೊಡುವುದು ಸುಲಭ. ಆದ್ದರಿಂದ ನಾಮಪದಗಳ ಸಮಸ್ಯೆ ಹೇಗೋ ಬಗೆಹರಿಯುತ್ತದೆ. ಆದರೆ ‘ಇದೆ’ ಎನ್ನಬೇಕಾದಲ್ಲಿ ‘ಇದೆ’, ‘ಇರಬೇಕು’ ಎನ್ನಬೇಕಾದಲ್ಲಿ ‘ಇರಬೇಕು’ ಎಂದು ಬರೆಯುವ ವಿವೇಚನೆಗೆ ಮನುಷ್ಯರ ಕಣ್ಣು ಬೇಕು. ಆ ಕಣ್ಣು ಯಾರದು ಎಂಬ ಪ್ರಶ್ನೆಗೆ ಕನ್ನಡ ವಿಭಾಗಗಳು ಉತ್ತರಿಸದಿದ್ದರೆ ಬೇರೆ ಯಾರೂ ಉತ್ತರಿಸುವುದಿಲ್ಲ.

ರೋಹಿತವಿಜ್ಞಾನಕ್ಕೂ ಕರ್ನಾಟಕಕ್ಕೂ ಇರುವ ನಂಟು ಹಳೆಯದು. ಸಿ.ವಿ. ರಾಮನ್ ೧೯೩೩ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಬೆಂಗಳೂರಿನವರೇ ಆದ ಸಿ.ಎನ್.ಆರ್. ರಾವ್ ಅವರು ನೇರಳಾತೀತ ಮತ್ತು ದೃಗ್ಗೋಚರ ರೋಹಿತವಿಜ್ಞಾನವನ್ನು ಕುರಿತ ಇಂಗ್ಲಿಷ್ ಗ್ರಂಥವನ್ನು ೧೯೬೧ರಲ್ಲಿಯೇ ಪ್ರಕಟಿಸಿದ್ದರು. ಅರೆವಾಹಕ ನ್ಯಾನೋಕಣಗಳ ಸಂಶೋಧನೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿಯೂ ನಡೆದಿದೆ. ಪ್ರಯೋಗಾಲಯಗಳು ನಮ್ಮ ನೆಲದಲ್ಲಿಯೇ ಇವೆ, ಪದಗಳೂ ನಮ್ಮಲ್ಲಿವೆ. ಇವೆರಡನ್ನು ಜೋಡಿಸುವ ವಾಕ್ಯವನ್ನು ಕಟ್ಟುವುದು ಉಳಿದಿದೆ.

ಒಟ್ಟಿನಲ್ಲಿ, ವಿಜ್ಞಾನವನ್ನು ಕನ್ನಡದಲ್ಲಿ ಹೇಳುವುದೆಂದರೆ ಅದರ ಫಲಿತಾಂಶಗಳಿಗೆ ಕನ್ನಡದ ಹೆಸರುಗಳನ್ನು ಕೊಡುವುದಷ್ಟೇ ಅಲ್ಲ. ತಿಳಿದದ್ದನ್ನು ಹೇಗೆ ತಿಳಿದೆವು ಎಂಬುದನ್ನು ಕನ್ನಡದಲ್ಲಿಯೇ ಯೋಚಿಸಿ, ಕನ್ನಡದಲ್ಲಿಯೇ ಪ್ರಶ್ನಿಸಲು ಬರುವಂತೆ ಬರೆಯುವುದು. ಕನ್ನಡ ಮಾಧ್ಯಮದಿಂದ ವಿಜ್ಞಾನಕ್ಕೆ ಬರುವ ವಿದ್ಯಾರ್ಥಿಯು ‘ಇದು ನಿಮಗೆ ಹೇಗೆ ಗೊತ್ತಾಯಿತು?’ ಎಂದು ಕೇಳುವ ಧೈರ್ಯವನ್ನು ಪಡೆಯುವುದು ಅಂತಹ ವಾಕ್ಯಗಳಿಂದಲೇ.